ಹನನ್ಯನ ಭವಿಷ್ಯವಾಣಿ, ಯೆರೆಮೀಯನ ಕ್ರಯಪತ್ರ

ಪೋಪ್ ಫ್ರಾನ್ಸಿಸ್‌ರವರು ಸಾರಿದ್ದ ಜ್ಯೂಬಿಲಿ ವರ್ಷವು 2024ರ ಕ್ರಿಸ್ಮಸ್ ಜಾಗರಣೆಯಂದು ಆರಂಭಗೊಂಡು 2026ರ ಜನವರಿ 6ರಂದು ಮುಕ್ತಾಯವಾಯಿತು. ಸಾರಿದವರು ಅದರ ಕೊನೆಯನ್ನು ಕಾಣಲಿಲ್ಲ. 2025ರ ಏಪ್ರಿಲ್ 21ರಂದು, ಪಾಸ್ಖ ಹಬ್ಬದ ಮರುದಿನವೇ ಅವರು ದೈವಾಧೀನರಾದರು; ಅವರು ತೆರೆದ ಪವಿತ್ರ ದ್ವಾರವನ್ನು ಮುಚ್ಚಿದವರು ಉತ್ತರಾಧಿಕಾರಿಗಳಾದ ಹದಿನಾಲ್ಕನೆಯ ಲಿಯೋರವರು. 'ಭರವಸೆಯ ಯಾತ್ರಿಕರು' ಎಂಬುದು ಆ ವರ್ಷದ ಧ್ಯೇಯವಾಕ್ಯವಾಗಿದ್ದಿತು. ನಮ್ಮ ದೇವಾಲಯಗಳ ಮುಂದೆ ಆ ಮಾತನ್ನು ಹೊತ್ತ ಬಟ್ಟೆಯ ಫಲಕಗಳು ವರ್ಷವಿಡೀ ಗಾಳಿಗೆ ಬಡಿದಾಡಿದವು. ಈಗ ಅವುಗಳನ್ನು ಸುತ್ತಿ ಅಟ್ಟಕ್ಕೆ ಸೇರಿಸಿದ್ದಾಗಿದೆ. ಇಂತಹ ಸಂದರ್ಭದಲ್ಲಿ, ಆ ಪದವನ್ನು ನಾವು ನಿಜವಾಗಿ ಯಾವ ಅರ್ಥದಲ್ಲಿ ಗ್ರಹಿಸಿದೆವು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಕುಟುಂಬಗಳ ಮಾತುಕತೆಯನ್ನು ಆಲಿಸಿದಾಗ, ನಾವು ಭರವಸೆಯನ್ನು ಆಶಾವಾದವೆಂದೇ ತಿಳಿದಿದ್ದೇವೆ ಎಂಬ ಶಂಕೆ ನನಗೆ ಬಲವಾಗುತ್ತದೆ. ಬೆಳಗಾದೊಡನೆ ದೂರವಾಣಿಯ ಪರದೆಯ ಮೇಲೆ ಗುಲಾಬಿ ಹೂವಿನೊಂದಿಗೆ ಒಂದು ಸಂದೇಶ ಬರುತ್ತದೆ: ಇಂದಿನ ದಿನ ನಿಮಗೆ ಶುಭವೇ ಆಗುವುದು, ದೇವರು ನಿಮ್ಮ ಕಷ್ಟಗಳನ್ನೆಲ್ಲ ಈ ವಾರವೇ ನೀಗಿಸುವರು, ಇದನ್ನು ಹನ್ನೊಂದು ಮಂದಿಗೆ ಕಳುಹಿಸಿರಿ. ಕಳುಹಿಸಿದವರ ಮನಸ್ಸು ಒಳ್ಳೆಯದೇ, ಅದರಲ್ಲಿ ಸಂದೇಹವಿಲ್ಲ. ಆದರೆ ವಾರ ಕಳೆಯುತ್ತದೆ, ಕಷ್ಟ ಕಳೆಯುವುದಿಲ್ಲ. ಆಗ ಆ ಮನೆಯವರು ಒಂದೋ ದೇವರ ಮೇಲೆ ಮುನಿಯುತ್ತಾರೆ, ಇಲ್ಲವೇ ತಮ್ಮ ಪ್ರಾರ್ಥನೆಯಲ್ಲೇ ಊನವಿದೆಯೆಂದು ಕುಗ್ಗುತ್ತಾರೆ. ಎರಡೂ ಅನ್ಯಾಯವೇ. ಆಶಾವಾದವು ಒಂದು ಮನೋಧರ್ಮ, ಅಥವಾ ಒಂದು ಲೆಕ್ಕಾಚಾರ. ಭರವಸೆಯು ಒಂದು ಸದ್ಗುಣ, ಅದೂ ದೈವದತ್ತವಾದ ಸದ್ಗುಣ. ಒಂದನ್ನು ಮತ್ತೊಂದೆಂದು ಭ್ರಮಿಸಿದವನು ಮೊದಲ ಬರಗಾಲದಲ್ಲೇ ಎರಡನ್ನೂ ಕಳೆದುಕೊಳ್ಳುತ್ತಾನೆ.

ಬರಗಾಲದ ಮಾತನ್ನು ಸುಮ್ಮನೆ ಆಡಲಿಲ್ಲ. ಗುಂಡ್ಲುಪೇಟೆ ಸೀಮೆಯು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ನಾಡು. ಕಣ್ಣಿಗೆ ಕಾಣುವ ನೀಲಗಿರಿಯ ನೆತ್ತಿಯಲ್ಲಿ ಮೋಡ ಕವಿದಿರುತ್ತದೆ, ಇತ್ತ ಹೊಲದ ಮಣ್ಣು ಬಿರುಕು ಬಿಟ್ಟಿರುತ್ತದೆ. ತೆರಕಣಾಂಬಿಯು ಒಂದು ಕಾಲಕ್ಕೆ ಕೋಟೆಯುಳ್ಳ ಪಟ್ಟಣವಾಗಿದ್ದು, ಸುತ್ತಣ ಸೀಮೆಗೇ ತನ್ನ ಹೆಸರನ್ನು ಕೊಟ್ಟಿದ್ದಿತು. ಉಮ್ಮತ್ತೂರಿನ ಪಾಳೆಯಗಾರರೂ ವಿಜಯನಗರದ ಅರಸರೂ ಅದಕ್ಕಾಗಿ ಸೆಣಸಿದರು. ಅರಸರ ಆಶಾವಾದ ಎಷ್ಟು ಕಾಲ ಬಾಳುತ್ತದೆಂದು ತಿಳಿಯಬಯಸುವವರು ಆ ಊರಿನ ಚರಿತ್ರೆಯನ್ನು ಓದಬಹುದು. ಇಂದು ಅದೊಂದು ಹೋಬಳಿ ಕೇಂದ್ರ, ಮತ್ತು ಅದರ ಹೆಸರು ಈಗ ಮೊಳಗುವುದು ತರಕಾರಿ ಮಾರುಕಟ್ಟೆಯಿಂದ. ಟೊಮೆಟೊ, ಬೀನ್ಸ್, ಎಲೆಕೋಸು, ಬೀಟ್‌ರೂಟ್ ಮೂಟೆಗಳು ಅಲ್ಲಿಂದ ಗಡಿ ದಾಟಿ ಕೇರಳಕ್ಕೆ ಹೋಗುತ್ತವೆ.

2023ರ ಜುಲೈ ತಿಂಗಳಿನಲ್ಲಿ ದೇಶದಾದ್ಯಂತ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿಗಳನ್ನು ಮೀರಿದ್ದು ಎಲ್ಲರಿಗೂ ನೆನಪಿದೆ. ಆ ಬೆಲೆಯನ್ನು ಕಂಡು ಅನೇಕರು ಸಾಲ ಮಾಡಿ ನಾಟಿ ಮಾಡಿದರು. ಹಣ್ಣು ಕೈಗೆ ಬರುವ ವೇಳೆಗೆ ಬೆಲೆ ನೆಲ ಕಚ್ಚಿ, ಕೊಯ್ಲಿನ ಕೂಲಿಯೂ ಗಿಟ್ಟದೆ ರೈತರು ಬೆಳೆಯನ್ನು ರಸ್ತೆಗೆ ಸುರಿದರು. ನಿನ್ನೆಯ ಬೆಲೆಯನ್ನು ಕಂಡು ನಾಳೆಯನ್ನು ಊಹಿಸುವುದು, ಆ ಊಹೆಯ ಮೇಲೆ ಬದುಕನ್ನು ಪಣಕ್ಕಿಡುವುದು, ಇದು ಆಶಾವಾದದ ಲೆಕ್ಕ. ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಬಿತ್ತನೆಯೂ ಉಂಟು. ಮುಂಗಾರಿಗೆ ಮುನ್ನಿನ ಮಳೆ ಒಂದೆರಡು ಹದ ಬಿದ್ದೊಡನೆ ಸೂರ್ಯಕಾಂತಿಯನ್ನೋ ಜೋಳವನ್ನೋ ಬಿತ್ತುವ ಮುದುಕನನ್ನು ಕೇಳಿ ನೋಡಿರಿ, ಈ ವರ್ಷ ಚೆನ್ನಾಗಿ ಆಗುತ್ತದೆಯೇ ಎಂದು. ಆಗುತ್ತದೆ ಎಂದು ಅವನು ಹೇಳುವುದಿಲ್ಲ. ಹಿಂದಿನ ಹತ್ತು ವರ್ಷಗಳ ನಷ್ಟವನ್ನು ಬೆರಳೆಣಿಸಿ ಹೇಳಬಲ್ಲನು. ಆದರೂ ಬಿತ್ತುತ್ತಾನೆ. ಅವನನ್ನು ಆಶಾವಾದಿ ಎನ್ನಲು ಬಾರದು, ನಿರಾಶಾವಾದಿ ಎನ್ನಲೂ ಬಾರದು. ಅವನ ಆ ಕ್ರಿಯೆಗೆ ಸರಿಯಾದ ಹೆಸರೇನು ಎಂಬುದೇ ಈ ಲೇಖನದ ಪ್ರಶ್ನೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಆಶಾವಾದ ಎಂಬ ಪದದ ಜಾತಕ ತಿಳಿದಿರುತ್ತದೆ. ಜರ್ಮನಿಯ ಲೈಬ್ನಿಟ್ಸ್ ಎಂಬ ಮೇಧಾವಿಯು 1710ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೇವರು ಸರ್ವಜ್ಞನೂ ಸರ್ವಶಕ್ತನೂ ಸರ್ವೋತ್ತಮನೂ ಆಗಿರುವುದರಿಂದ, ಸಾಧ್ಯವಿರುವ ಎಲ್ಲ ಲೋಕಗಳಲ್ಲಿ ಈ ಲೋಕವೇ ಅತ್ಯುತ್ತಮವಾಗಿರಲೇಬೇಕೆಂದು ವಾದಿಸಿದನು. ಈ ವಾದಕ್ಕೆ ವಿಮರ್ಶಕರು ಇಟ್ಟ ಹೆಸರೇ ಮುಂದೆ ಯೂರೋಪಿನ ಭಾಷೆಗಳಲ್ಲಿ ಆಶಾವಾದಕ್ಕೆ ಪದವಾಯಿತು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ಲಿನ ಲಿಸ್ಬನ್ ನಗರವು ಭೂಕಂಪದಿಂದ ನಡುಗಿತು. ಜನರು ಹಬ್ಬದ ಪೂಜೆಗಾಗಿ ದೇವಾಲಯಗಳಲ್ಲಿ ನೆರೆದಿದ್ದ ಹೊತ್ತು ಅದು. ಚಾವಣಿಗಳು ಅವರ ಮೇಲೆಯೇ ಕುಸಿದವು. ಹಬ್ಬದ ದೀಪಗಳಿಂದಲೇ ಬೆಂಕಿ ಹಬ್ಬಿತು. ಬಳಿಕ ಸಮುದ್ರವೂ ಏರಿ ಬಂದಿತು. ನಾಲ್ಕು ವರ್ಷಗಳ ಅನಂತರ ಫ್ರಾನ್ಸಿನ ವೋಲ್ಟೇರನು 'ಕ್ಯಾಂಡೀಡ್' ಎಂಬ ಕಥೆಯನ್ನು ಬರೆದು, ಎಲ್ಲವೂ ಒಳ್ಳೆಯದಕ್ಕೇ ಎನ್ನುವ ಪಂಡಿತರನ್ನು ನಗೆಗೀಡುಮಾಡಿದನು. ಲೈಬ್ನಿಟ್ಸನಿಗೆ ಇದರಿಂದ ಸಂಪೂರ್ಣ ನ್ಯಾಯ ಸಂದಿತೆಂದು ನಾನು ಒಪ್ಪುವುದಿಲ್ಲ. ಅವನ ವಾದ ಆ ಕಥೆಯ ಪಂಡಿತನ ವಾದದಷ್ಟು ತೆಳುವಾದದ್ದಲ್ಲ. ಆದರೆ ವೋಲ್ಟೇರನ ನಗೆ ತಾಗಿದ್ದು ಆಶಾವಾದಕ್ಕೆ, ಕ್ರೈಸ್ತ ಭರವಸೆಗಲ್ಲ. ಇದನ್ನು ಅವನೂ ಅರಿಯಲಿಲ್ಲ, ಅವನಿಗೆ ಉತ್ತರ ಕೊಡಲು ಹೊರಟ ನಮ್ಮವರಲ್ಲಿ ಅನೇಕರೂ ಅರಿಯಲಿಲ್ಲ.

ಏಕೆಂದರೆ ಅದಕ್ಕೆ ಐನೂರು ವರ್ಷಗಳ ಮೊದಲೇ ಸಂತ ಥಾಮಸ್ ಅಕ್ವಿನಾಸರು ವಿಷಯವನ್ನು ಸ್ಪಷ್ಟಗೊಳಿಸಿದ್ದರು. ಭರವಸೆಯ ಗುರಿಯಾದ ವಸ್ತುವಿಗೆ ನಾಲ್ಕು ಲಕ್ಷಣಗಳಿರಬೇಕೆಂದು ಅವರು ಬೋಧಿಸಿದರು: ಅದು ಶ್ರೇಯಸ್ಕರವಾಗಿರಬೇಕು, ಇನ್ನೂ ಕೈಗೆ ಬಾರದ್ದಾಗಿರಬೇಕು, ಕಷ್ಟಸಾಧ್ಯವಾಗಿರಬೇಕು, ಆದರೂ ಸಾಧ್ಯವಾಗಿರಬೇಕು. ಇವುಗಳಲ್ಲಿ ಮೂರನೆಯದನ್ನು ಗಮನಿಸಿರಿ. ಸುಲಭವಾಗಿ ದೊರೆಯುವುದಕ್ಕೆ ಭರವಸೆಯ ಅಗತ್ಯವೇ ಇಲ್ಲ. ಅದಕ್ಕೆ ಬಯಕೆ ಸಾಕು. ಆದುದರಿಂದ ಎಲ್ಲವೂ ಸುಸೂತ್ರವಾಗಿ ನಡೆದೀತು ಎನ್ನುವವನು ಭರವಸೆಯ ಹೊಸ್ತಿಲನ್ನೂ ತುಳಿದಿಲ್ಲ. ಅಷ್ಟೇ ಅಲ್ಲ, ಭರವಸೆಗೆ ವಿರುದ್ಧವಾದ ಪಾಪಗಳು ಎರಡೆಂದು ಅಕ್ವಿನಾಸರು ಹೇಳುತ್ತಾರೆ. ನಿರಾಶೆ ಒಂದು, ಇದು ಎಲ್ಲರಿಗೂ ಗೊತ್ತು. ಇನ್ನೊಂದು ಅತಿಭರವಸೆ, ಎಂದರೆ ದೇವರು ನಮಗೆ ಋಣಿಯೋ ಎಂಬಂತೆ ಫಲವನ್ನು ಮುಂಗಡವಾಗಿ ಬರೆದುಕೊಳ್ಳುವುದು. ನಿರಾಶೆಯನ್ನು ಕುರಿತು ನಮ್ಮ ಪ್ರಬೋಧನೆಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಎರಡನೆಯದನ್ನು ಕುರಿತು ಎಷ್ಟು ಬಾರಿ ಕೇಳಿದ್ದೇವೆ?

ಈ ವ್ಯತ್ಯಾಸವನ್ನು ಪವಿತ್ರ ಗ್ರಂಥವು ವ್ಯಾಖ್ಯೆಯಾಗಿ ಹೇಳದೆ ಇಬ್ಬರು ಮನುಷ್ಯರ ಮೂಲಕ ತೋರಿಸುತ್ತದೆ. ಪ್ರವಾದಿ ಯೆರೆಮೀಯನ ಗ್ರಂಥದ 28ನೆಯ ಅಧ್ಯಾಯದಿಂದ 32ನೆಯ ಅಧ್ಯಾಯದವರೆಗೆ ನಮ್ಮ ಕುಟುಂಬಗಳು ಸಂಜೆಯ ಜಪಸರದ ಬಳಿಕ ಒಮ್ಮೆ ಓದಿದರೆ ಒಳಿತು. ಬಾಬಿಲೋನಿಯದ ಅರಸ ಜೆರುಸಲೇಮಿನ ಮೇಲೆ ಈಗಾಗಲೇ ಒಮ್ಮೆ ಕೈಮಾಡಿ, ಮಹಾದೇವಾಲಯದ ಪಾತ್ರೆಗಳನ್ನೂ ಅನೇಕ ಜನರನ್ನೂ ಒಯ್ದಿದ್ದಾನೆ. ಆಗ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಯಾಜಕರೂ ಜನರೂ ನೆರೆದಿರುವಾಗ ಎದ್ದು ನಿಂತು, ಎರಡೇ ವರ್ಷಗಳೊಳಗೆ ಪಾತ್ರೆಗಳು ಹಿಂತಿರುಗುವುವು, ಸೆರೆಹೋದವರು ಮರಳಿ ಬರುವರು ಎಂದು ಸಾರುತ್ತಾನೆ. ಅದೂ ದೇವರ ಹೆಸರಿನಲ್ಲಿ. ಯೆರೆಮೀಯನ ಕೊರಳಲ್ಲಿ ಸಂಕೇತವಾಗಿ ಇದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ಜನರು ಸಂತೋಷಪಟ್ಟಿರಬೇಕು, ಯಾರು ತಾನೇ ಪಡುವುದಿಲ್ಲ? ಯೆರೆಮೀಯನ ಉತ್ತರ ನನ್ನನ್ನು ಪ್ರತಿ ಸಲವೂ ಚಕಿತಗೊಳಿಸುತ್ತದೆ. ಅವನು ಮೊದಲು ಜಗಳವಾಡುವುದಿಲ್ಲ. ಹಾಗೆಯೇ ಆಗಲಿ, ದೇವರು ನಿನ್ನ ಮಾತನ್ನು ನೆರವೇರಿಸಲಿ ಎಂಬರ್ಥದ ಮಾತನ್ನಾಡಿ, ಶಾಂತಿಯನ್ನು ಸಾರುವ ಪ್ರವಾದಿಯ ಮಾತು ನಡೆದಾಗ ಮಾತ್ರ ಅವನು ನಿಜವಾದ ಪ್ರವಾದಿಯೆಂದು ತಿಳಿಯುವುದೆಂದು ನೆನಪಿಸಿ, ತನ್ನ ದಾರಿ ಹಿಡಿದು ಹೋಗಿಬಿಡುತ್ತಾನೆ. ಸೆರೆಯಾಳುಗಳಿಗೆ ಅವನು ಬರೆದ ಪತ್ರವಾದರೋ ಎರಡು ವರ್ಷಗಳ ಮಾತನ್ನೇ ಎತ್ತುವುದಿಲ್ಲ; ಎಪ್ಪತ್ತು ವರ್ಷಗಳೆನ್ನುತ್ತದೆ. ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಯಿಟ್ಟ ಆ ನಗರದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂಬುದು ಅದರ ತಾತ್ಪರ್ಯ. ಕೇಳಿದವರಿಗೆ ಅದು ಕಹಿಯಾಗಿತ್ತು. ಎಪ್ಪತ್ತು ವರ್ಷವೆಂದರೆ, ಪತ್ರ ಓದಿದ ದೊಡ್ಡವರಲ್ಲಿ ಹೆಚ್ಚಿನವರು ತಾಯ್ನಾಡನ್ನು ಕಾಣರೆಂದೇ ಅರ್ಥ.

ಮುಂದೆ ಮುತ್ತಿಗೆಯ ದಿನಗಳು. ನಗರದ ಗೋಡೆಗಳಿಗೆ ಶತ್ರುಗಳು ದಿಬ್ಬಗಳನ್ನು ಹಾಕಿದ್ದಾರೆ. ಒಳಗೆ ಹಸಿವು, ರೋಗ. ಯೆರೆಮೀಯನು ಪಹರೆಯ ಅಂಗಳದಲ್ಲಿ ಬಂದಿ. ಆಗ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಶತ್ರುಸೈನ್ಯ ಬೀಡುಬಿಟ್ಟ ನಾಡಿನಲ್ಲಿ ಹೊಲವನ್ನು ಕೊಳ್ಳುವ ಹುಚ್ಚ ಯಾರು? ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ, ಕ್ರಯಪತ್ರ ಬರೆಸುತ್ತಾನೆ, ಸಾಕ್ಷಿಗಳ ರುಜು ಹಾಕಿಸುತ್ತಾನೆ, ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಗುಂಡ್ಲುಪೇಟೆಯ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಳೆದ ಯಾವ ರೈತನಿಗೂ ಈ ಅಧ್ಯಾಯ ಅಪರಿಚಿತವೆನಿಸದು. ಬಳಿಕ ಪತ್ರಗಳು ಬಹುಕಾಲ ಕೆಡದಂತೆ ಮಣ್ಣಿನ ಮಡಕೆಯಲ್ಲಿಡಲು ಲಿಪಿಕಾರ ಬಾರೂಕನಿಗೆ ಒಪ್ಪಿಸುತ್ತಾನೆ. ಎಲ್ಲ ಮುಗಿದ ಮೇಲೆ ಅವನು ಮಾಡುವ ಪ್ರಾರ್ಥನೆಯಲ್ಲಿ ಗೆಲವು ಇಲ್ಲ, ಗೊಂದಲವಿದೆ: ನಗರವೇ ಶತ್ರುವಿನ ಕೈಗೆ ಹೋಗುತ್ತಿರುವಾಗ ಹೊಲ ಕೊಳ್ಳೆಂದು ನೀವು ನನಗೆ ಹೇಳಿದಿರಲ್ಲ ಎಂದು ದೇವರನ್ನೇ ಕೇಳುತ್ತಾನೆ. ನಗರ ಬಿದ್ದಿತು. ಅನಂತರ ಅವನನ್ನು ಈಜಿಪ್ಟಿಗೆ ಒಯ್ದರು. ಅವನು ಆ ಹೊಲದಲ್ಲಿ ಒಂದು ದಿನವಾದರೂ ಕಾಲಿಟ್ಟನೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ.

ಹನನ್ಯನು ಆಶಾವಾದಿ. ಯೆರೆಮೀಯನು ಭರವಸೆಯುಳ್ಳವನು. ಸುಳ್ಳು ಪ್ರವಾದಿಯ ಮುಖದಲ್ಲಿ ನಗೆಯಿತ್ತು, ನಿಜ ಪ್ರವಾದಿಯ ಕಣ್ಣಲ್ಲಿ ನೀರಿತ್ತು ಎಂಬುದನ್ನು ಸದಾ ನಗುಮುಖದ ವಿಶ್ವಾಸವನ್ನೇ ಬಯಸುವ ನಮ್ಮ ಕಾಲದವರು ಮರೆಯಬಾರದು. ರೋಗ, ಸಾಲ, ಬಂಜೆತನಗಳೆಲ್ಲ ಒಂದೇ ಸಂಜೆಯ ಸಭೆಯಲ್ಲಿ ಪರಿಹಾರವಾಗುವುವೆಂದು ಭಿತ್ತಿಪತ್ರ ಹಚ್ಚುವವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ನಮ್ಮ ಮೈಸೂರು ಧರ್ಮಕ್ಷೇತ್ರದ ಚರಿತ್ರೆಯಲ್ಲಿಯೂ ಇದಕ್ಕೊಂದು ವಿಚಿತ್ರ ನಿದರ್ಶನವಿದೆ. ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಸ್ಥೆಯ ಗುರು ಅಬ್ಬೆ ದ್ಯುಬುವಾರವರು ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1792ರಲ್ಲಿ ತಾಯ್ನಾಡನ್ನು ತೊರೆದು ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಚದುರಿ ಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಹೊಣೆ ಅವರ ಮೇಲೆ ಬಿದ್ದಿತು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬಡ ಕುಟುಂಬಗಳಿಗೆ ನೆಲೆ ಕಲ್ಪಿಸಿ ಬೇಸಾಯಕ್ಕೆ ಹಚ್ಚಿದರು. ಜೆನ್ನರನು ಸಿಡುಬಿನ ಲಸಿಕೆಯನ್ನು ಪ್ರಕಟಪಡಿಸಿ ಇನ್ನೂ ಹತ್ತು ವರ್ಷಗಳೂ ತುಂಬಿರಲಿಲ್ಲ. ದ್ಯುಬುವಾರವರು ಅದನ್ನು ಮೈಸೂರು ಸೀಮೆಯ ಹಳ್ಳಿಗಳಿಗೆ ತಂದು 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದರೆಂದು ದಾಖಲೆಯಿದೆ. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಈ ನಾಡಿನದೇ ಉಡುಪು, ಈ ನಾಡಿನದೇ ಆಹಾರ, ಈ ನಾಡಿನದೇ ನಡೆ.

ಇಂಥವರು 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕವನ್ನು ಓದಿದವರಿಗೆ ಎದೆ ಹಿಮ್ಮೆಟ್ಟುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆಯ ಬಳಿಕ ಅವರ ತೀರ್ಮಾನ ಇದು: ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಮುಂದೆ ಬೆಳವಣಿಗೆಯ ದಾರಿಯೇ ಕಾಣುವುದಿಲ್ಲ. ಇದನ್ನು ಓದಿದ ಆ ಕಾಲದ ಪ್ರೊಟೆಸ್ಟೆಂಟ್ ಬೋಧಕರು ಸಿಟ್ಟಾಗಿ ಉತ್ತರ ಬರೆದರು. ನಮ್ಮ ಕೆಲವು ಚರಿತ್ರಕಾರರೂ ಆ ಪುಸ್ತಕದ ಮಾತೆತ್ತಲು ಮುಜುಗರಪಡುತ್ತಾರೆ. ನನಗೆ ಮುಜುಗರವಿಲ್ಲ. ಮುನ್ನೋಟದಲ್ಲಿ ಅವರು ನಿರಾಶಾವಾದಿಗಳೇ. ಆದರೆ ಲಸಿಕೆಯ ಸೂಜಿ ಹಿಡಿದ ಕೈಯನ್ನು ಅವರು ಆ ಮುನ್ನೋಟಕ್ಕೆ ಒಪ್ಪಿಸಲಿಲ್ಲ. ತಮಗೆ ಗೆಲುವೆನಿಸದ ಕಾರ್ಯವನ್ನು ಮೂರು ದಶಕ ಹೊತ್ತವರು, ಪ್ಯಾರಿಸ್ಸಿಗೆ ಮರಳಿದ ಮೇಲೂ 1848ರಲ್ಲಿ ತೀರಿಕೊಳ್ಳುವ ತನಕ, ಅದೇ ಪ್ರಚಾರ ಕಾರ್ಯಕ್ಕೆ ಗುರುಗಳನ್ನು ಸಿದ್ಧಪಡಿಸುವ ಗುರುಮಠದಲ್ಲಿಯೇ ಸೇವೆ ಸಲ್ಲಿಸಿದರು. ಅವರು ಮಡಿದ ನಾಲ್ಕು ದಶಕಗಳೊಳಗೆ, 1886ರಲ್ಲಿ, ಮೈಸೂರು ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಅವರ ಲೆಕ್ಕ ತಪ್ಪಾಯಿತೆಂದು ನಾವು ಬೀಗುವಂತಿಲ್ಲ, ಏಕೆಂದರೆ ಎಷ್ಟೋ ಅಂಶಗಳಲ್ಲಿ ಅದು ಸರಿಯೇ ಇತ್ತು. ಲೆಕ್ಕವು ಸರಿಯಿದ್ದರೂ ಮನುಷ್ಯನು ದುಡಿಯಬಲ್ಲನೆಂಬುದೇ ಇಲ್ಲಿನ ವಿಶೇಷ.

ಇನ್ನು ನಮ್ಮ ಜಿಲ್ಲೆಯದೇ ಒಂದು ರಾತ್ರಿಯ ಮಾತು. 2021ರ ಮೇ 2ರ ರಾತ್ರಿಯಿಂದ 3ರವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, 24 ಮಂದಿ ರೋಗಿಗಳು ಮೃತರಾದರೆಂಬ ಸುದ್ದಿ ಇಡೀ ನಾಡನ್ನು ಕಲಕಿತು. ಆ ಮನೆಗಳಲ್ಲಿ ನಿಂತು, ಎಲ್ಲವೂ ಒಳ್ಳೆಯದಕ್ಕೇ ಎನ್ನುವ ಧೈರ್ಯ ಯಾರಿಗಿದೆ? ದೇವರಿಗೆ ಅವರು ಬೇಕಾಗಿದ್ದರು, ಆದ್ದರಿಂದ ಕರೆದುಕೊಂಡರು ಎಂದು ಸಾಂತ್ವನದ ಹೆಸರಿನಲ್ಲಿ ಹೇಳುವವರುಂಟು. ಸಿಲಿಂಡರ್ ಬಾರದೆ ಹೋದದ್ದಕ್ಕೆ ದೇವರನ್ನು ಹೊಣೆ ಮಾಡುವ ಈ ಮಾತು ಭಕ್ತಿಯಲ್ಲ, ಅದು ಮನುಷ್ಯರ ಹೊಣೆಯನ್ನು ಮರೆಸುವ ಮಾತು. ಕೀರ್ತನೆಗಳ ಗ್ರಂಥದಲ್ಲಿ 88ನೆಯ ಕೀರ್ತನೆಯೊಂದಿದೆ. ಇತರ ಶೋಕಗೀತೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯತ್ತ ತಿರುಗಿದರೆ ಇದು ಕತ್ತಲೆಯೆಂಬ ಮಾತಿನಲ್ಲಿಯೇ ಮುಗಿಯುತ್ತದೆ. ಧರ್ಮಸಭೆ ಅದನ್ನು ತಿದ್ದಲಿಲ್ಲ, ತೆಗೆಯಲಿಲ್ಲ; ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನಿನ ಪ್ರಾರ್ಥನೆಯಲ್ಲಿ ಗುರುಗಳೂ ಕನ್ಯಾಸ್ತ್ರೀಯರೂ ಅದನ್ನೇ ಹೇಳುತ್ತಾರೆ. ದುಃಖಿಯ ಬಾಯಿಯಿಂದ ಬಲವಂತವಾಗಿ ಹಲ್ಲೆಲೂಯ ಹೊರಡಿಸುವ ಅಧಿಕಾರ ನಮಗಿಲ್ಲ. ಆ ಕೀರ್ತನೆಕಾರನು ದೂರುತ್ತಿದ್ದರೂ ದೂರುತ್ತಿರುವುದು ದೇವರ ಬಳಿಯೇ ಅಲ್ಲವೇ? ಅಷ್ಟು ಎಳೆ ಉಳಿದಿದ್ದರೆ ಸಾಕು, ಭರವಸೆ ಅಳಿದಿಲ್ಲ.

ಆ ಎಳೆಯೂ ಹರಿದಂತೆ ತೋರುವ ಸಂದರ್ಭಗಳೂ ನಮ್ಮ ಕೃಷಿಕ ಕುಟುಂಬಗಳಲ್ಲಿ ಬಂದಿವೆ. ಅದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಸಾಲದ ಭಾರಕ್ಕೆ ಅಥವಾ ಮನೋವ್ಯಥೆಗೆ ತುತ್ತಾಗಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡವನ ಮನೆಯವರು, ಗುರುಗಳು ಶವಸಂಸ್ಕಾರಕ್ಕೆ ಬರುವರೋ ಇಲ್ಲವೋ ಎಂದು ಇಂದಿಗೂ ಅಳುಕುತ್ತಾರೆ. ಈ ಅಳುಕಿಗೆ ಕಾರಣ 1917ರ ಧರ್ಮಸಭೆಯ ಕಾನೂನು ಸಂಹಿತೆ. ಬುದ್ಧಿಪೂರ್ವಕವಾಗಿ ಹಾಗೆ ಮಾಡಿಕೊಂಡವರಿಗೆ ಅದು ಧಾರ್ಮಿಕ ಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಇನ್ನೂ ಮುಂದೆ ಹೋಗಿ, ತೀವ್ರ ಮಾನಸಿಕ ಯಾತನೆ ಅಥವಾ ಭೀತಿಯು ಅಂಥವರ ಹೊಣೆಯನ್ನು ತಗ್ಗಿಸಬಲ್ಲುದೆಂದೂ, ಅವರ ಆತ್ಮೋದ್ಧಾರದ ವಿಷಯದಲ್ಲಿ ನಾವು ನಿರಾಶರಾಗಬಾರದೆಂದೂ, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆಂದೂ ಬೋಧಿಸುತ್ತದೆ. ನಿರಾಶೆಯಲ್ಲಿ ಹೋದಂತೆ ಕಾಣುವವನ ಬಗ್ಗೆಯೂ ನಿರಾಶರಾಗಬೇಡಿರಿ ಎನ್ನುವ ಧರ್ಮಸಭೆಯನ್ನು ನಾನು ನಮಸ್ಕರಿಸುತ್ತೇನೆ. ಮೂವತ್ತು ವರ್ಷಗಳು ಕಳೆದರೂ ಇದು ಮನೆಮನೆಗೆ ಮುಟ್ಟದಿರುವುದು ವಿಷಾದಕರ. ಜೊತೆಗೆ, ಬದುಕೇ ಬೇಡವೆನ್ನುವಷ್ಟು ಮನಸ್ಸು ಕುಗ್ಗಿದವರಿಗೆ ವೈದ್ಯಕೀಯ ನೆರವು ಪಡೆಯುವುದು ವಿಶ್ವಾಸಹೀನತೆಯಲ್ಲ. ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ದೇವಾಲಯದ ಪ್ರಕಟಣಾ ಫಲಕದ ಮೇಲೆ ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲಿ ಬರೆಯಿಸಿದರೆ ಯಾರ ಭಕ್ತಿಗೂ ಕುಂದು ಬಾರದು.

ಜ್ಯೂಬಿಲಿ ವರ್ಷ ಆರಂಭವಾದ ಕೆಲವೇ ವಾರಗಳಲ್ಲಿ, 2025ರ ಜನವರಿಯಲ್ಲಿ, ನಮ್ಮ ಜಿಲ್ಲೆಯ ಹೆಸರು ಪತ್ರಿಕೆಗಳ ಮುಖಪುಟದಲ್ಲಿತ್ತು. ಮೈಕ್ರೋಫೈನಾನ್ಸ್ ಸಾಲ ವಸೂಲಿಗಾರರ ಕಿರುಕುಳಕ್ಕೆ ಅಂಜಿ ಕೆಲವು ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ, ಮಕ್ಕಳನ್ನು ಶಾಲೆಯಿಂದ ಬಿಡಿಸಿ, ಊರು ಬಿಟ್ಟಿದ್ದವು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಪವಿತ್ರ ದ್ವಾರ ತೆರೆದ ವರ್ಷದಲ್ಲಿಯೇ ನಮ್ಮ ನೆರೆಯವರ ಬಾಗಿಲುಗಳಿಗೆ ಬೀಗ ಬಿದ್ದಿತು. ಜ್ಯೂಬಿಲಿ ಎಂಬ ಆಚರಣೆಯ ಮೂಲವೇ ಲೇವಿಯರ ಗ್ರಂಥದ 25ನೆಯ ಅಧ್ಯಾಯ ಎಂಬುದನ್ನು ಇಲ್ಲಿ ನೆನೆಯಬೇಕು. ಐವತ್ತನೆಯ ವರ್ಷದಲ್ಲಿ ಕೈಬಿಟ್ಟುಹೋದ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು. ಬಡತನದಿಂದ ಜೀತಕ್ಕೆ ಬಿದ್ದವನು ಬಿಡುಗಡೆಯಾಗಬೇಕು. ಅಣ್ಣತಮ್ಮನು ಬಡವನಾಗಿ ಹೊಲ ಮಾರಿದರೆ ಹತ್ತಿರದ ನಂಟನು ಮುಂದೆ ಬಂದು ಅದನ್ನು ಬಿಡಿಸಿಕೊಳ್ಳಬೇಕು. ಹನಮೇಲನು ಸೆರೆಮನೆಗೆ ಬಂದು ಯೆರೆಮೀಯನಲ್ಲಿ ಕೇಳಿದ್ದು ಈ ಕಟ್ಟಳೆಯ ಆಧಾರದಿಂದಲೇ. ಅವನಿಗೆ ಒದಗಿದ್ದ ಅಡಚಣೆ ಏನೆಂದು ಗ್ರಂಥ ಹೇಳುವುದಿಲ್ಲ. ಮುತ್ತಿಗೆಯ ದಿನಗಳಲ್ಲಿ ಹೊಲ ಮಾರಲು ಹೊರಟವನ ಅಡಚಣೆಯನ್ನು ಊಹಿಸುವುದು ಕಷ್ಟವಲ್ಲ. ಎಂದರೆ, ಪವಿತ್ರ ಗ್ರಂಥದಲ್ಲಿ ಭರವಸೆಯು ತಳೆದ ಆಕಾರ ಒಂದು ಪ್ರವಚನವಲ್ಲ. ಕಷ್ಟದಲ್ಲಿದ್ದ ದಾಯಾದಿಯ ಕೈಗೆ ತೂಗಿ ಕೊಟ್ಟ 17 ಶೆಕೆಲ್ ಬೆಳ್ಳಿ ಅದು.

ಈ ದೃಷ್ಟಿಯಿಂದ ಮಾತ್ರ ನನಗೆ ವಿಯೆಟ್ನಾಮಿನ ಕಾರ್ಡಿನಲ್ ವಾನ್ ತುವಾನ್‌ರವರ ಬದುಕು ಅರ್ಥವಾಗುತ್ತದೆ. 1975ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಅವರ ಬಂಧನವಾಯಿತು. 13 ವರ್ಷ ಸೆರೆ. ಅದರಲ್ಲಿ 9 ವರ್ಷ ಏಕಾಂತವಾಸ. ನ್ಯಾಯಾಲಯವಿಲ್ಲ, ತೀರ್ಪಿಲ್ಲ, ಆದ್ದರಿಂದ ಬಿಡುಗಡೆಯ ದಿನಾಂಕವೂ ಇಲ್ಲ. ಬಿಡುಗಡೆಗಾಗಿ ಕಾಯುತ್ತ ಕೂರುವುದಿಲ್ಲ, ಇಂದಿನ ದಿನವನ್ನು ಪ್ರೀತಿಯಿಂದ ತುಂಬುತ್ತೇನೆ ಎಂದು ಅವರು ನಿಶ್ಚಯಿಸಿಕೊಂಡರು. ಹೊಟ್ಟೆನೋವಿನ ಔಷಧಿಯೆಂದು ಹೊರಗಿನವರು ಕಳುಹಿಸಿದ ದ್ರಾಕ್ಷಾರಸದ ಮೂರು ಹನಿ, ನೀರಿನ ಒಂದು ಹನಿ, ಅಂಗೈಯೇ ಪೂಜಾಪಾತ್ರೆ. ಹದಿನಾರನೆಯ ಬೆನೆಡಿಕ್ಟರು 2007ರ ನವೆಂಬರಿನಲ್ಲಿ ಭರವಸೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಈ ಸೆರೆಯಾಳನ್ನು ಸ್ಮರಿಸಿದ್ದು ಸಹಜವೇ ಆಗಿದೆ.

ಆದುದರಿಂದ ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳಿಗೆ ಒಂದು ಸಲಹೆ. ಹಬ್ಬದ ಪೂರ್ವಭಾವಿ ಸಭೆಯಲ್ಲಿ ದೀಪಾಲಂಕಾರ, ಧ್ವನಿವರ್ಧಕ, ಪಟಾಕಿ, ತೇರಿನ ಹೂವು ಎಂದು ಖರ್ಚಿನ ಪಟ್ಟಿ ಸಿದ್ಧವಾಗುತ್ತದೆ. ನಾನು ಹಬ್ಬದ ವಿರೋಧಿಯಲ್ಲ; ತೇರಿಗೆ ಹೂವಿರಲಿ. ಆದರೆ ಆ ಪಟ್ಟಿಯ ಮೊದಲನೆಯ ಸಾಲಿನಲ್ಲಿ ಸಾಲಪರಿಹಾರ ನಿಧಿ ಎಂದು ಬರೆದು, ಎದುರಿಗೆ ಒಂದು ಮೊತ್ತವನ್ನು ನಮೂದಿಸಿ, ಬಳಿಕ ಮಿಕ್ಕ ಬಾಬುಗಳಿಗೆ ಹೋಗೋಣ. ಸಂತ ವಿನ್ಸೆಂಟ್ ದೇ ಪೌಲ ಸಭೆಯ ಸದಸ್ಯರು ಅನೇಕ ಕಡೆ ಇದ್ದಾರೆ. 1833ರಲ್ಲಿ ಪ್ಯಾರಿಸ್ಸಿನ ಕಾಲೇಜು ಯುವಕರು ಆರಂಭಿಸಿದ ಆ ಸಭೆಯ ಮೊದಲ ನಿಯಮವೇ ಬಡವರ ಮನೆಗೆ ಹೋಗುವುದು, ಬಡವರನ್ನು ಕಚೇರಿಗೆ ಕರೆಸುವುದಲ್ಲ. ವಾರದ ಕಂತಿಗೆ ಅಂಜಿ ಬಾಗಿಲು ಹಾಕಿಕೊಂಡ ಮನೆ ಯಾವುದೆಂದು ನೆರೆಯವರಿಗೆ ಗೊತ್ತಿರುತ್ತದೆ. ಆ ಮನೆ ಕಥೋಲಿಕರದೇ ಆಗಿರಬೇಕೆಂಬ ನಿಯಮವೂ ಬೇಡ, ಬಾಬಿಲೋನಿಯದ ಕ್ಷೇಮಕ್ಕಾಗಿ ಪ್ರಾರ್ಥಿಸಿರೆಂದವನು ಯೆರೆಮೀಯನೇ. ಎಷ್ಟು ಸಾಲ, ಯಾರಲ್ಲಿ, ಬಡ್ಡಿ ಎಷ್ಟು, ಕಾನೂನಿನ ರಕ್ಷಣೆ ಏನು ಎಂಬುದನ್ನು ಕುಳಿತು ಲೆಕ್ಕ ಮಾಡಿಕೊಡಬಲ್ಲ ನಿವೃತ್ತ ಶಿಕ್ಷಕರು, ಬ್ಯಾಂಕಿನಲ್ಲಿ ದುಡಿದವರು ಪ್ರತಿ ಧರ್ಮಕೇಂದ್ರದಲ್ಲಿಯೂ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಭಾನುವಾರದ ಎರಡನೆಯ ಪೂಜೆಯಾದ ಮೇಲೆ ಧರ್ಮೋಪದೇಶದ ಕೊಠಡಿ ಹೇಗೂ ಖಾಲಿ ಇರುತ್ತದೆ; ಒಂದು ಮೇಜು, ನಾಲ್ಕು ಕುರ್ಚಿ, ಬಾಗಿಲು ಮುಂದೆ ಮಾಡಿಕೊಂಡು ಮಾತನಾಡಲು ಅವಕಾಶ. ಬರುವವರ ಹೆಸರನ್ನು ಪೀಠದಿಂದಾಗಲಿ ಸಭೆಯಲ್ಲಾಗಲಿ ಯಾರೂ ಉಚ್ಚರಿಸತಕ್ಕದ್ದಲ್ಲ.